ಆರು ಪರ್ಸೆಂಟ್‌ನ ಕಥೆ

ಸಿಇಟಿ ರ‍್ಯಾಂಕ್ ಅಂದ್ರೆ ನಮ್ಮ ರಾಜ್ಯದ ಅಪ್ಪ-ಅಮ್ಮಂದಿರಿಗೆ ಜಾತಕಕ್ಕಿಂತ ದೊಡ್ಡದು. ಆ ನಂಬರ್ ಬರೋವರೆಗೆ ಮನೆಯಲ್ಲಿ ಟಿವಿ ಸೌಂಡ್ ಕೂಡ ಕಮ್ಮಿ. ನ್ಯೂಸ್ ಓದುವ ನನಗೇ ಇದು ಗೊತ್ತು!

ಈ ಪರೀಕ್ಷೆ ಹುಟ್ಟಿದ್ದೇ ಅನ್ಯಾಯದ ವಿರುದ್ಧ, ಅದನ್ನ ಮರೀಬಾರದು. ಎಂಬತ್ತರ ದಶಕದಲ್ಲಿ ಕರ್ನಾಟಕ ಅಂದ್ರೆ ಕ್ಯಾಪಿಟೇಶನ್ ಕಾಲೇಜುಗಳ ತವರು. 1984ರಲ್ಲಿ ಕ್ಯಾಪಿಟೇಶನ್ ನಿಷೇಧಿಸುವ ಕಾನೂನು ಬಂತು. ಆದರೆ ಮೆಡಿಕಲ್ ಸೀಟಿಗೆ ಸರ್ಕಾರಿ ಕೋಟಾದಲ್ಲಿ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ಅಂತ ಸರ್ಕಾರವೇ ಆದೇಶ ಹೊರಡಿಸಿತ್ತು. ಉತ್ತರ ಪ್ರದೇಶದ ಮೋಹಿನಿ ಜೈನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1992ರಲ್ಲಿ ಕೋರ್ಟ್ ಕ್ಯಾಪಿಟೇಶನ್ ತಪ್ಪು ಅಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ, ಖಾಸಗಿ ಕಾಲೇಜಿನ ಸೀಟುಗಳನ್ನೂ ಮೆರಿಟ್ ಮೇಲೇ ತುಂಬಬೇಕು ಅಂತ ಹೇಳಿತು. ಅದರ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು. ದುಡ್ಡಿಲ್ಲದ ಮನೆಯ ಮಕ್ಕಳೂ ಡಾಕ್ಟರ್, ಎಂಜಿನಿಯರ್ ಆದರು. ಹಾಗಾಗಿ ಈ ವ್ಯವಸ್ಥೆಯನ್ನ ನಾನು ಸುಮ್ಮನೆ ಬೈಯೋದಿಲ್ಲ.

ಈಗ 2021ಕ್ಕೆ ಬನ್ನಿ. ಕೊರೊನಾ ಎರಡನೇ ಅಲೆ. ದ್ವಿತೀಯ ಪಿಯು ಪರೀಕ್ಷೆಯೇ ರದ್ದು. ಹಾಗಾದ್ರೆ ಅಂಕ ಎಲ್ಲಿಂದ? ಎಸ್ಸೆಸ್ಸೆಲ್ಸಿಯಿಂದ 45, ಪ್ರಥಮ ಪಿಯುನಿಂದ 45, ಇಂಟರ್ನಲ್‌ನಿಂದ 10, ಕೂಡಿಸಿ ನೂರು! ಜುಲೈನಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಪಾಸು. ಆರುನೂರಕ್ಕೆ ಆರುನೂರು ತೆಗೆದವರೇ 2,239 ಮಂದಿ. ಸಾಮಾನ್ಯವಾಗಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಆ ವರ್ಷ ಮಾತ್ರ ಸಿಇಟಿಯದ್ದಷ್ಟೇ ಲೆಕ್ಕ. ಎಲ್ಲರಿಗೂ ಒಂದೇ ನಿಯಮ, ಯಾರೂ ತಕರಾರು ಮಾಡಲಿಲ್ಲ.

ತಕರಾರು ಶುರುವಾಗಿದ್ದು ಮರುವರ್ಷ. ಬಯಸಿದ ಸೀಟು ಸಿಗದವರು ಒಂದು ವರ್ಷ ಮನೆಯಲ್ಲಿ ಕೂತು ಓದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ರಿಪೀಟರ್ಸ್ ಅಂತ ಅವರಿಗೆ ಹೆಸರು. ಜುಲೈ 30ಕ್ಕೆ ಫಲಿತಾಂಶ. ನೋಡಿದ್ರೆ ಸಿಇಟಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರ ರ‍್ಯಾಂಕ್ ಕೂಡ ಪಾತಾಳಕ್ಕೆ! ಯಾಕೆ? ಹೊಸಬರಿಗೆ ಪಿಯು ಅಂಕ ಸೇರಿಸಿದ್ರು, ಇವರ ಪಿಯು ಅಂಕವನ್ನ ಪರಿಗಣಿಸಲೇ ಇಲ್ಲ. ಸುಮಾರು 24,000 ಮಕ್ಕಳು. ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದ ಮುಂದೆ ಅಪ್ಪ-ಅಮ್ಮಂದಿರ ಸಮೇತ ಬಂದು ನಿಂತರು.

ನನ್ನ ಪ್ರಶ್ನೆ ಇಷ್ಟೇ. ಪರೀಕ್ಷೆ ರದ್ದು ಮಾಡಿದ್ದು ಯಾರು? ಮಕ್ಕಳಲ್ಲ. ಸೂತ್ರ ಹಾಕಿ ಅಂಕ ಕೊಟ್ಟವರು ಯಾರು? ಮಕ್ಕಳಲ್ಲ. ಮಾರ್ಕ್ಸ್ ಕಾರ್ಡಿನ ಮೇಲೆ ಸೀಲು ಹೊಡೆದು ಕೈಗಿಟ್ಟ ಸರ್ಕಾರವೇ, ಮರುವರ್ಷ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ ಅಂದ್ರೆ ಆ ಹಾಳೆಗೆ ಅರ್ಥ ಏನ್ ಸ್ವಾಮಿ?

ಆದ್ರೆ ಇನ್ನೊಂದು ಕಡೆಯೂ ಇದೆ. 2022ರ ಮಕ್ಕಳು ಪರೀಕ್ಷಾ ಕೊಠಡಿಯಲ್ಲಿ ಕೂತು, ಬೆವರು ಸುರಿಸಿ ಪಿಯು ಬರೆದವರು. ಬರೆಯದೇ ಬಂದ ಅಂಕದ ಜೊತೆ ನಮ್ಮ ಅಂಕ ತೂಗ್ತೀರಾ ಅಂತ ಅವರೂ ಕೇಳಿದರು. ಅದೂ ಸುಳ್ಳಲ್ಲ. ಚರ್ಚೆಯಲ್ಲಿ ಒಬ್ಬರ ಪರ ಕೂಗಾಡೋದು ಸುಲಭ. ಎರಡೂ ಮನೆಯವರ ಮುಖ ನೋಡಿ ಕೂಗಾಡೋದು ಕಷ್ಟ.

ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ರಿಪೀಟರ್ಸ್ ಪರ ತೀರ್ಪು ಕೊಟ್ಟಿತು. ಇವರಿಗೂ ಅರ್ಧ-ಅರ್ಧ ಲೆಕ್ಕ ಹಾಕಿ ಅಂದಿತು. ಸರ್ಕಾರ ಮೇಲ್ಮನವಿ ಹಾಕಿತು. ಸಮಿತಿ ಕೂತಿತು. ಕೊನೆಗೆ ಒಂದು ರಾಜಿ ಸೂತ್ರ: 2021ರವರ ಪಿಯು ಅಂಕದಲ್ಲಿ ಸರಾಸರಿ 6 ಪರ್ಸೆಂಟ್ ಕಡಿಮೆ ಮಾಡಿ ಉಳಿದದ್ದನ್ನ ಪರಿಗಣಿಸುವುದು. ವಿಭಾಗೀಯ ಪೀಠ ಒಪ್ಪಿತು. ತರಕಾರಿ ಮಾರ್ಕೆಟ್ಟಿನ ಚೌಕಾಸಿ ಥರ ಕಂಡರೂ, ಆ ಹೊತ್ತಿಗೆ ಅದಕ್ಕಿಂತ ಒಳ್ಳೆ ದಾರಿ ನನಗಂತೂ ಹೊಳೆಯಲಿಲ್ಲ.

ಪರಿಷ್ಕೃತ ರ‍್ಯಾಂಕ್ ಪಟ್ಟಿ ಬಂದಾಗ ಅಕ್ಟೋಬರ್. ಜೂನ್‌ನಲ್ಲಿ ಬರೆದ ಪರೀಕ್ಷೆಗೆ! ಜುಲೈನಲ್ಲಿ ಬಂದ ರ‍್ಯಾಂಕ್ ನೋಡಿ ಪೇಡಾ ಹಂಚಿ, ಇಂಥದ್ದೇ ಕಾಲೇಜು ಅಂತ ಊರಿಗೆಲ್ಲ ಹೇಳಿಕೊಂಡಿದ್ದ ಎಷ್ಟೋ ಹೊಸ ಮಕ್ಕಳ ನಂಬರು ಈಗ ಕೆಳಗೆ ಜಾರಿತ್ತು. ಅವರು ಮತ್ತೆ ಮೊದಲಿಂದ ಕಾಲೇಜುಗಳ ಪಟ್ಟಿ ಹಿಡಿದು ಕೂತರು.