1633 ಅಡಿಯ ಲೆಕ್ಕ

ಮಳೆಗಾಲ ಬಂತೆಂದರೆ ಕಂಪ್ಲಿಯ ನಮ್ಮಪ್ಪ ಪೇಪರಿನಲ್ಲಿ ಮೊದಲು ಹುಡುಕುತ್ತಿದ್ದುದು ಒಂದೇ ಅಂಕಿ: ತುಂಗಭದ್ರಾ ಜಲಾಶಯದ ಮಟ್ಟ. ತುಂಬಿದರೆ 1633 ಅಡಿ. ಅಣೆಕಟ್ಟೇ ಅಷ್ಟು ಎತ್ತರವೆಂದು ನಾನು ಬಹಳ ವರ್ಷ ನಂಬಿದ್ದೆ. ಕಟ್ಟೆಯ ಎತ್ತರ ಸುಮಾರು 49 ಮೀಟರ್ ಅಷ್ಟೇ. ಉಳಿದದ್ದು ಸಮುದ್ರ ಮಟ್ಟದಿಂದ ನಮ್ಮ ನೆಲವೇ ಏರಿ ನಿಂತದ್ದು. ಕಡಲನ್ನೇ ಕಾಣದ ಅಪ್ಪ ದಿನಾ ಕಡಲಿನಿಂದ ಲೆಕ್ಕ ಹಿಡಿಯುತ್ತಿದ್ದರು!

ಈ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಯವರದು. 1799ರಲ್ಲಿ ಅವರ ಸರ್ವೆಯರ್ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಮಾಡಿಸಿದ. ಮರುವರ್ಷ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. 1802ರಲ್ಲಿ ಅವರದೇ ಅಧಿಕಾರಿ ಲ್ಯಾಂಬ್ಟನ್ ಮದರಾಸಿನಿಂದ ಮಹಾ ತ್ರಿಕೋನ ಸರ್ವೆ ಶುರು ಮಾಡಿದ; ಅದರಲ್ಲಿ ನೆಲದ ಎತ್ತರಗಳಿಗೆ ಕಡಲ ಮಟ್ಟವೇ ಬುಡ. ಆದರೆ ಬಳ್ಳಾರಿಯ ಬಿಸಿಲಿಗೆ ಬೆಂದ ಬಿಳಿ ದಂಡಿನವರಿಗೆ ಎತ್ತರವೆಂದರೆ ತಂಪು. ಸಂಡೂರು ಸಂಸ್ಥಾನದ ರಾಮಗಡದಲ್ಲಿ, 3,200 ಅಡಿಗೂ ಮೇಲೆ, 1840ರ ದಶಕದಲ್ಲಿ ಅವರಿಗೆ ಆರೋಗ್ಯಧಾಮವೇ ಎದ್ದಿತು. ಈಗ ಅಲ್ಲಿ ಮುರುಕು ಗೋಡೆಗಳಿವೆ. ಸಂಡೂರಿನ ಎಷ್ಟೋ ಗುಡ್ಡಗಳನ್ನು ಅದಿರಿಗಾಗಿ ಕೊರೆದು ಲಾರಿ ತುಂಬಿದ್ದೂ ಆಯಿತು. ಹಳೇ ನಕ್ಷೆಯ ಎತ್ತರಗಳನ್ನು ಅಲ್ಲಿ ಇನ್ನು ಯಾರು ನಂಬಬೇಕು?

ನನಗೆ ಮಾತ್ರ ವಿಜಯನಗರದವರ ಅಳತೆಯೇ ದೊಡ್ಡದು. ದುರ್ಬೀನಿಲ್ಲ, ಸಮುದ್ರ ಮಟ್ಟದ ಗೊಡವೆಯಿಲ್ಲ. ನದಿಗೆ ಅಡ್ಡಲಾಗಿ ಕಲ್ಲು ಒಟ್ಟಿ, ಬಂಡೆಗಳ ಸಂದಿಯಲ್ಲಿ ಹದವಾದ ಇಳಿಜಾರು ಹಿಡಿದು ಕಾಲುವೆ ತಂದರು. ನೀರು ಹರಿಯಿತೆಂದರೆ ಅಳತೆ ಸರಿ. ವಲ್ಲಭಾಪುರದ ಅವರ ಅಣೆ 1953ರ ಜಲಾಶಯದಲ್ಲಿ ಮುಳುಗಿತು. ಅವರದೇ ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಆದರೆ ಅವರು ತಂದ ಹಂಪಿಯ ತುರ್ತಾ ಕಾಲುವೆ ಇವತ್ತಿಗೂ ಬಾಳೆ ತೋಟಗಳಿಗೆ ಹರಿಯುತ್ತಿದೆ.