ಪಹಣಿ ಪಡೆಯಲು ಸರ್ವೆ ಸಂಖ್ಯೆ ನಮೂದಿಸುವ ಕ್ರಮ

ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 2000ದ ದಶಕದ ಆರಂಭದಲ್ಲಿ ಕೈಬರಹದ ಪಹಣಿ ವಿತರಣೆಯನ್ನು ಕೊನೆಗೊಳಿಸಲಾಯಿತು. ಹೊಲದ ಹೆಸರು ಹೇಳಿದರೆ ಗ್ರಾಮಲೆಕ್ಕಿಗರು ಉತಾರ ಹುಡುಕಿ ಕೊಡುತ್ತಿದ್ದರು. ಗಣಕಯಂತ್ರವು ಗೊತ್ತುಪಡಿಸಿದ ಕ್ರಮದಲ್ಲಿ ನೀಡಿದ ಸಂಖ್ಯೆಯನ್ನು ಮಾತ್ರ ಗುರುತಿಸುತ್ತದೆ.

ನಮೂದಿಸುವ ಕ್ರಮ

1. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ: ಇವುಗಳನ್ನು ಪಟ್ಟಿಯಿಂದ ಆಯ್ದುಕೊಳ್ಳತಕ್ಕದ್ದು. ಪಾರಿಶ್ವಾಡದ ಅರ್ಜಿದಾರರು ಬೆಳಗಾವಿ ಜಿಲ್ಲೆ, ಖಾನಾಪುರ ತಾಲ್ಲೂಕನ್ನು ಆಯ್ಕೆ ಮಾಡಬೇಕು. ಹಳೆಯ ಪತ್ರಗಳಲ್ಲಿ ‘ಬೆಳಗಾಂ’ ಎಂದಿದ್ದರೂ ಜಿಲ್ಲೆ ಅದೇ ಆಗಿರುತ್ತದೆ.
2. ಸರ್ವೆ ಸಂಖ್ಯೆ: ಅಂಕಿ ಮಾತ್ರ. ‘ರಿ.ಸ.ನಂ.’ ಎಂಬ ಅಕ್ಷರಗಳನ್ನು ಸೇರಿಸಬಾರದು.
3. ಸರ್‌ನೋಕ್: ಸರ್ವೆ ಸಂಖ್ಯೆಗೆ ಹೊಂದಿಕೊಂಡ ಉಪಸಂಕೇತ. ಇಲ್ಲದಿದ್ದಲ್ಲಿ ನಕ್ಷತ್ರ ಚಿಹ್ನೆ (*).
4. ಹಿಸ್ಸಾ ಸಂಖ್ಯೆ: ವಿಭಾಗವಾಗದ ಜಮೀನಿಗೆ ನಕ್ಷತ್ರ ಚಿಹ್ನೆ (*).
5. ಅವಧಿ ಮತ್ತು ವರ್ಷ.

ಉದಾಹರಣೆ

ಖರೀದಿ ಪತ್ರದಲ್ಲಿ ‘ರಿ.ಸ.ನಂ. 45/1ಅ’ ಎಂದಿದ್ದು, ಉಪಸಂಕೇತ ಇಲ್ಲದಿದ್ದರೆ ಅದು 45/*/1ಅ ಎಂದಾಗುತ್ತದೆ. ನಕ್ಷತ್ರ ಚಿಹ್ನೆಯು ಬರೆಯಲು ಮರೆತ ಸ್ಥಳವಲ್ಲ. ‘ಈ ಭಾಗ ಇಲ್ಲ’ ಎಂಬುದರ ಸೂಚನೆ. ಇದರಿಂದ ಮೂರನೆಯ ಸ್ಥಾನ ಎಲ್ಲ ಗ್ರಾಮಗಳಲ್ಲಿಯೂ ಹಿಸ್ಸೆಯದೇ ಆಗಿ ಉಳಿಯುತ್ತದೆ. ಗಣಕಯಂತ್ರಕ್ಕೆ ನೀಡುವ ಯಾವುದೇ ಆಜ್ಞೆ ಗೊಂದಲವಿಲ್ಲದಿರಬೇಕಾದರೆ ಪ್ರತಿ ಸ್ಥಾನಕ್ಕೂ ಒಂದೇ ಅರ್ಥವಿರಬೇಕು.

ಅರ್ಜಿದಾರರ ಗಮನಕ್ಕೆ

• 45/*/1 ಮತ್ತು 45/*/1ಅ ಬೇರೆ ಬೇರೆ ದಾಖಲೆಗಳು. ಒಂದು ಅಕ್ಷರ ಬಿಟ್ಟರೆ ನೆರೆಹೊಲದವರ ಪಹಣಿ ದೊರೆಯಬಹುದು. ಅದರ ಆಧಾರದ ಮೇಲೆ ಬೆಳೆ ಸಾಲ ಅಥವಾ ಬೆಳೆ ವಿಮೆಯ ಅರ್ಜಿ ತಿರಸ್ಕೃತವಾಗಬಹುದು. ಶುಲ್ಕ ಪಾವತಿಸುವ ಮೊದಲು ಹೆಸರು ಮತ್ತು ಎಕರೆ-ಗುಂಟೆಗಳನ್ನು ಪರಿಶೀಲಿಸತಕ್ಕದ್ದು.
• ಪೋಡಿಯಾದ ಜಮೀನಿಗೆ ಹೊಸ ಹಿಸ್ಸಾ ಸಂಖ್ಯೆಯನ್ನೇ ಬಳಸಬೇಕು.
• ಗಾವಠಾಣದ ಮನೆಗಳ ವಿ.ಪಿ.ಸಿ. ಸಂಖ್ಯೆ ಸರ್ವೆ ಸಂಖ್ಯೆಯಲ್ಲ. ಅಂತಹ ಆಸ್ತಿಗಳ ನಮೂನೆಗಳನ್ನು ಗ್ರಾಮ ಪಂಚಾಯಿತಿಯಿಂದ ‘ಇ-ಸ್ವತ್ತು’ ಮೂಲಕ ಪಡೆಯಬೇಕು.
• ಸಂಖ್ಯೆಯನ್ನು ಸರಿಯಾಗಿ ನಮೂದಿಸಿದ್ದರೂ ಪಹಣಿಯಲ್ಲಿಯೇ ತಪ್ಪು ಕಂಡುಬಂದಲ್ಲಿ, ಪೂರಕ ದಾಖಲೆಗಳೊಂದಿಗೆ ತಹಶೀಲ್ದಾರರ ಕಚೇರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಪಹಣಿ ವಿತರಿಸುವ ಸಿಬ್ಬಂದಿಗೆ ದಾಖಲೆ ತಿದ್ದುವ ಅಧಿಕಾರ ಇರುವುದಿಲ್ಲ.