ಬೀದರ್ ಕೋಟೆ: ಒಂದು ಸುಳ್ಳು ಪತ್ರ ಕಲಿಸುವ ಪಾಠ

ಬೀದರ್ ಕೋಟೆಯ ಹೆಬ್ಬಾಗಿಲ ಬಳಿ ನಿಂತಾಗ ನಮ್ಮನ್ನು ಮೊದಲು ಬೆರಗುಗೊಳಿಸುವುದು ಅದರ ಕಂದಕ. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಈ ಕಂದಕವು ಕೆಲವು ಕಡೆಗಳಲ್ಲಿ ಮೂರು ಸಾಲಾಗಿದೆ. ಒಂದು ಸಾಲನ್ನು ದಾಟಿದ ಶತ್ರುವಿಗೆ ಇನ್ನೆರಡು ಎದುರಾಗುತ್ತಿದ್ದವು. ಆ ಬಳಿಕ ಕೋಟೆಗೋಡೆ, ಬುರುಜುಗಳು ಮತ್ತು ಅವುಗಳ ಮೇಲಿನ ತೋಪುಗಳು. ಇಷ್ಟು ಭದ್ರವಾದ ಕೋಟೆಯ ಒಡೆಯರು ತಮ್ಮ ರಾಜ್ಯವನ್ನು ಕಳೆದುಕೊಂಡುದಾದರೂ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ (ಆಳ್ವಿಕೆ 1422-1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ವರ್ಗಾಯಿಸಿ, ಇಲ್ಲಿದ್ದ ಹಳೆಯ ಕೋಟೆಯನ್ನು ಹೊಸದಾಗಿ ಕಟ್ಟಿಸಿದನು. ಮುಂದೆ 1453ರಲ್ಲಿ ಇರಾನಿನ ಗೀಲಾನ್ ಪ್ರಾಂತ್ಯದ ವರ್ತಕನೊಬ್ಬ ಈ ನಗರಕ್ಕೆ ಬಂದನು. ಅವನೇ ಖ್ವಾಜಾ ಮಹಮೂದ್ ಗವಾನ್. ವಿದ್ವಾಂಸನೂ ಆಗಿದ್ದ ಆತ ಸುಲ್ತಾನರ ವಿಶ್ವಾಸ ಗಳಿಸಿ, ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ ಪ್ರಧಾನಮಂತ್ರಿಯಾದನು. ಗೋವೆಯನ್ನು ರಾಜ್ಯಕ್ಕೆ ಸೇರಿಸಿದನು. 1472ರಲ್ಲಿ ಬೀದರ್ ನಗರದಲ್ಲಿ ಮೂರು ಅಂತಸ್ತಿನ ಭವ್ಯ ಮದ್ರಸವನ್ನು ಕಟ್ಟಿಸಿದನು.

ಗವಾನನ ಆಡಳಿತ ಸುಧಾರಣೆಗಳು ಹಲವರಿಗೆ ಹಿಡಿಸಲಿಲ್ಲ. ಆತ ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ವಿಂಗಡಿಸಿ, ಪ್ರತಿಯೊಬ್ಬ ಪ್ರಾಂತ್ಯಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿದನು. ಉಳಿದ ಕೋಟೆಗಳು ನೇರವಾಗಿ ಸುಲ್ತಾನನ ಅಧೀನಕ್ಕೆ ಬಂದವು. ಆಸ್ಥಾನವು ಮೊದಲೇ ಎರಡು ಬಣವಾಗಿ ಒಡೆದಿತ್ತು: ನಾಡಿನಲ್ಲೇ ನೆಲೆನಿಂತ ದಖ್ಖನಿಗಳು ಒಂದೆಡೆ, ಇರಾನ್, ತುರಾನ್, ಅರಬ್ ನಾಡುಗಳಿಂದ ಬಂದ ಆಫಾಕಿಗಳು ಇನ್ನೊಂದೆಡೆ. ಒಂದೇ ಮಸೀದಿಯಲ್ಲಿ ಭುಜಕ್ಕೆ ಭುಜ ಸೇರಿಸಿ ನಿಲ್ಲಬೇಕಾದವರು ಹುಟ್ಟಿದ ನೆಲದ ಹೆಸರಿನಲ್ಲಿ ಪರಸ್ಪರ ಹಗೆ ಸಾಧಿಸುತ್ತಿದ್ದರು.

ಇತಿಹಾಸಕಾರ ಫಿರಿಶ್ತಾ ಮುಂದಿನ ಘಟನೆಯನ್ನು ದಾಖಲಿಸಿದ್ದಾನೆ. ಗವಾನನ ವಿರೋಧಿಗಳು ಅವನ ಮೊಹರನ್ನು ಕಾಯುತ್ತಿದ್ದವನ ಸ್ನೇಹ ಬೆಳೆಸಿ, ಖಾಲಿ ಕಾಗದವೊಂದಕ್ಕೆ ಮೊಹರು ಒತ್ತಿಸಿಕೊಂಡರು. ಒಡಿಶಾದ ಅರಸನನ್ನು ದಂಡಯಾತ್ರೆಗೆ ಕರೆಯುವ ಪತ್ರವನ್ನು ಅದರ ಮೇಲೆ ಬರೆದು, ಸುಲ್ತಾನನು ಕುಡಿದ ಅಮಲಿನಲ್ಲಿದ್ದಾಗ ಮುಂದಿಟ್ಟರು. ಕರೆತಂದ ಗವಾನನು ಮೊಹರು ತನ್ನದೇ, ಆದರೆ ಬರಹ ತನ್ನದಲ್ಲ ಎಂದು ಹೇಳಿದನು. ಸುಲ್ತಾನನು ಆ ಮಾತನ್ನು ಪರಿಶೀಲಿಸಲಿಲ್ಲ. ಸಾಕ್ಷಿಗಳನ್ನು ಕರೆಸಲಿಲ್ಲ, ಒಂದು ರಾತ್ರಿಯಾದರೂ ಕಾಯಲಿಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಶಿಬಿರದಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು.

ಅವನ ಖಜಾನೆಯನ್ನು ತೆರೆಸಿದಾಗ ಸಿಕ್ಕಿದ್ದು ಅತ್ಯಲ್ಪ. ಆದಾಯವು ಸೈನಿಕರಿಗೂ ಬಡವರಿಗೂ ವಿನಿಯೋಗವಾಗಿತ್ತು. ಸ್ವಂತ ಊಟದ ಖರ್ಚನ್ನು ಆತ ತಾಯ್ನಾಡಿನಿಂದ ತಂದಿದ್ದ ಬಂಡವಾಳದ ವ್ಯಾಪಾರದಿಂದ ನಿಭಾಯಿಸುತ್ತಿದ್ದನು. ಸತ್ಯ ತಿಳಿದ ಸುಲ್ತಾನನು ಪಶ್ಚಾತ್ತಾಪದಿಂದ ಕೊರಗಿ ವರ್ಷದೊಳಗೆ ಮರಣ ಹೊಂದಿದನು. ಪ್ರಾಂತ್ಯಾಧಿಪತಿಗಳು ಒಬ್ಬೊಬ್ಬರಾಗಿ ದೂರ ಸರಿದರು. ಬಿಜಾಪುರ, ಅಹ್ಮದ್‌ನಗರ, ಬೆರಾರ್, ಗೋಲ್ಕೊಂಡ, ಬೀದರ್ ಎಂದು ರಾಜ್ಯವು ಐದು ಹೋಳಾಯಿತು. ಮೂರು ಸಾಲಿನ ಕಂದಕವು ಹಾಗೆಯೇ ಇತ್ತು. ರಾಜ್ಯ ಇರಲಿಲ್ಲ.

ಸುದ್ದಿ ತಂದವನು ನಂಬಿಕೆಗೆ ಅರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು ಎಂಬ ಎಚ್ಚರಿಕೆಯು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೆಯ ವಚನದಲ್ಲಿದೆ. ಆ ಸುಲ್ತಾನನಿಗೆ ಈ ವಚನ ತಿಳಿದಿರಲಿಲ್ಲವೆಂದು ಭಾವಿಸಲು ಕಾರಣವಿಲ್ಲ. ತಿಳಿದಿದ್ದೂ ಅದು ಬೇಕಾದ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ನಮ್ಮ ಸ್ಥಿತಿಯೂ ಭಿನ್ನವೇನಲ್ಲ. ಮೊಬೈಲಿಗೆ ಬಂದ ಸಂದೇಶವನ್ನು ನಂಬಿ ಬಂಧುವಿನ ಮೇಲೆ, ಜಮಾಅತಿನ ಹಿರಿಯರ ಮೇಲೆ, ನೆರೆಯವರ ಮೇಲೆ ನಾವು ತೀರ್ಪು ಕೊಟ್ಟುಬಿಡುತ್ತೇವೆ. ಆಗ ನಮ್ಮ ಮುಂದಿರುವುದೂ ಮೊಹರು ಒತ್ತಿದ ಒಂದು ಕಾಗದವೇ.

ಇಂದು ಈ ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಮಕ್ಕಳೊಂದಿಗೆ ಹೋಗುವವರು ಕನಿಷ್ಠ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಚಳಿಗಾಲದ ಬೆಳಗು ನಡೆಯಲು ಹಿತಕರ. ಹುಲಿಗಳ ಕೆತ್ತನೆಯಿರುವ ಶರ್ಜಾ ದರ್ವಾಜಾ ಮತ್ತು ಗುಂಬದ್ ದರ್ವಾಜಾಗಳನ್ನು ದಾಟಿದರೆ, ಮುತ್ತಿನ ಚಿಪ್ಪನ್ನು ಕೂಡಿಸಿದ ಕಪ್ಪು ಕಲ್ಲಿನ ಅಲಂಕಾರದಿಂದ ಕಂಗೊಳಿಸುವ ರಂಗೀನ್ ಮಹಲ್ ಸಿಗುತ್ತದೆ. ಅದರ ಬಾಗಿಲು ಮುಚ್ಚಿದ್ದರೆ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಳ್ಳಬಹುದು. ಹಳೆಯ ಶಾಹಿ ಹಮಾಮ್‌ನಲ್ಲಿ ವಸ್ತುಸಂಗ್ರಹಾಲಯವಿದೆ. ಸಮೀಪದ ಸೋಲಾ ಖಂಬಾ ಮಸೀದಿಯ ಕಂಬಗಳ ಸಾಲು ಮಕ್ಕಳನ್ನೂ ಮೌನಗೊಳಿಸುತ್ತದೆ. ಗೋಡೆಗಳ ಮೇಲೆ ಹೆಸರು ಗೀಚುವವರನ್ನು ಕಂಡರೆ ಸೌಮ್ಯವಾಗಿ ತಡೆಯುವುದೂ ನಮ್ಮ ಹೊಣೆಯೇ.

ಕೋಟೆಯಿಂದ ಹೊರಬಂದು ನಗರದಲ್ಲಿರುವ ಮಹಮೂದ್ ಗವಾನ್ ಮದ್ರಸಕ್ಕೆ ಹೋಗದೆ ಹಿಂತಿರುಗಬಾರದು. ಮೊಗಲರ ಕಾಲದಲ್ಲಿ, 1696ರಲ್ಲಿ, ಸಿಡಿಮದ್ದಿನ ಸ್ಫೋಟದಿಂದ ಅದರ ಒಂದು ಭಾಗ ಕುಸಿಯಿತು. ಉಳಿದಿರುವ ಒಂದೇ ಮಿನಾರಿನಲ್ಲಿ ನೀಲಿ ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಊರ ಹೊರಗೆ ಗವಾನನ ಸಮಾಧಿಯಿದೆ. ಸುಲ್ತಾನರ ಗುಮ್ಮಟಗಳ ವೈಭವ ಅದಕ್ಕಿಲ್ಲ. ಅಲ್ಲಿ ನಿಂತು ಅವನಿಗಾಗಿ ಪ್ರಾರ್ಥಿಸೋಣ. ಆ ಪತ್ರದ ಕಥೆಯನ್ನು ಮಕ್ಕಳಿಗೆ ಹೇಳೋಣ. ಕೇಳಿದ್ದನ್ನೆಲ್ಲ ನಂಬದ ವಿವೇಕವನ್ನು ಅಲ್ಲಾಹನು ಅವರಿಗೂ ನಮಗೂ ಅನುಗ್ರಹಿಸಲಿ, ಆಮೀನ್.